2.8 ಲಕ್ಷ ಕಿ.ಮೀ. ಓಡಿದ ಡಿಜೈರ್: ಇಂಜಿನ್ ಬೇರಿಂಗ್ ಹಾಕಿಸೋದಾ, ಬೇಡ್ವಾ?

ನಮ್ಮ ಮನೆಯ ಡಿಜೈರ್ ಡೀಸೆಲ್ 2012ರ ಮಾಡೆಲ್. ಮೀಟರ್ 2.8 ಲಕ್ಷ ಕಿ.ಮೀ. ದಾಟಿದೆ. ಒಳಗಿರುವುದು ಫಿಯಟ್ ಮೂಲದ 1248 ಸಿಸಿಯ 1.3 ಮಲ್ಟಿಜೆಟ್ ಇಂಜಿನ್. ಸ್ವಿಫ್ಟ್, ರಿಟ್ಜ್, ಎರ್ಟಿಗಾ, ಇಂಡಿಕಾ ವಿಸ್ಟಾ, ಪುಂಟೊ, ಲಿನಿಯಾ ಹೀಗೆ ಎಷ್ಟೋ ಕಾರುಗಳಲ್ಲಿ ಇದ್ದದ್ದು ಇದೇ ಇಂಜಿನ್. 2020ರಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಮಾರುತಿಯವರು ಡೀಸೆಲ್ ಕಾರುಗಳನ್ನೇ ನಿಲ್ಲಿಸಿದರು. ಅಂದರೆ ಈಗ ಓಡುತ್ತಿರುವ ಮಾರುತಿಯ 1.3 ಡೀಸೆಲ್‌ಗಳೆಲ್ಲ ವಯಸ್ಸಾದವೇ. ನನ್ನ ಮುಂದೆ ಬಂದ ಪ್ರಶ್ನೆ ಇನ್ನೂ ಸುಮಾರು ಜನರ ಮುಂದೆ ಬರಬಹುದು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾವಿರುವುದು ಶಿವಮೊಗ್ಗದಲ್ಲಿ. ಅಪ್ಪ ಅಮ್ಮ ತೀರ್ಥಹಳ್ಳಿ ಹತ್ತಿರ, ಹೆಂಡತಿಯ ತವರು ಉಡುಪಿ. ಹಾಗಾಗಿ ಕಾರು ಜಾಸ್ತಿ ಓಡೋದು ಆಗುಂಬೆ ರಸ್ತೆಯಲ್ಲೇ. ಸೋಮೇಶ್ವರದಿಂದ 14 ತಿರುವು ಹತ್ತಿ ಮೇಲೆ ಬಂದು, ಚೆಕ್‌ಪೋಸ್ಟ್ ಹತ್ತಿರ ನಿಧಾನ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ಲೈಟ್ ಮಿಣುಕಿತು. ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ಏನೂ ಇಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದರೆ ಮಟ್ಟ ಸರಿಯಾಗಿಯೇ ಇತ್ತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಆ ಲೈಟ್ ತೋರಿಸುವುದು ಆಯಿಲ್ ಎಷ್ಟಿದೆ ಅಂತ ಅಲ್ಲ, ಆಯಿಲ್ ಪ್ರೆಶರ್ ಬಿದ್ದಿದೆ ಅಂತ. ಸಾಮಾನ್ಯವಾಗಿ ಅರ್ಧ ಬಾರ್ ಆಸುಪಾಸಿಗೆ ಇಳಿದ ಮೇಲೆಯೇ ಅದು ಹತ್ತೋದು. ಅಷ್ಟು ಹೊತ್ತಿಗೆ ತುಂಬಾ ತಡವಾಗಿರಲೂಬಹುದು. ಲೈಟ್ ನಿಂತು ಉರಿಯಲು ಶುರು ಮಾಡಿದರೆ ಕಾರನ್ನು ಅಲ್ಲೇ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಬೇಕು, "ಇನ್ನು ಐದು ಕಿಲೋಮೀಟರ್ ತಾನೇ" ಅಂತ ಓಡಿಸಬಾರದು.

ಸುದ್ದಿ ಹೇಳಿದ ಕೂಡಲೇ ಎಲ್ಲರ ಹತ್ತಿರವೂ ಒಂದೊಂದು ಸಲಹೆ ಇತ್ತು. ಭಾವ, "ಮಾರಿಬಿಡು ಮಾರಾಯ, ತಣ್ಣಗಿದ್ದಾಗ ಲೈಟ್ ಬರಲ್ಲ, ಬೆಳಗ್ಗೆ ಹೊತ್ತು ತೋರಿಸು" ಅಂದರು. ಪ್ರೀತಿಯಿಂದಲೇ ಹೇಳಿದ್ದು, ಆದರೆ ಇನ್ನೊಬ್ಬರ ಮನೆಯವರು ಅದೇ ಘಾಟಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ಇಂಜಿನ್ ಹಿಡಿದುಕೊಂಡರೆ? ಹೇಳದೆ ಮಾರೋದು ನನ್ನಿಂದ ಆಗಲ್ಲ. ಹೇಳಿ ಮಾರಿದರೆ ಗುಜರಿ ರೇಟು. ಟ್ಯಾಕ್ಸಿ ಓಡಿಸುವ ಪರಿಚಯದವರು 20ಡಬ್ಲ್ಯು-50 ಅನ್ನೋ ದಪ್ಪ ಆಯಿಲ್ ಹಾಕಿ ಓಡಿಸ್ತಾ ಇರಿ ಅಂದರು. ಒಂದು ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಬಾನೆಟ್ ಎತ್ತಿ ಎರಡು ನಿಮಿಷ ಕೇಳಿಸಿಕೊಂಡು, ಹಾಫ್ ಇಂಜಿನ್ ಕೆಲಸ (ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಬಿಚ್ಚಿ ಮಾಡೋದು) ಆಗಬೇಕು ಅಂತ 70 ಸಾವಿರದ ಅಂದಾಜು ಬರೆದುಕೊಟ್ಟರು. ಒಂದೇ ಒಂದು ಅಳತೆ ತೆಗೆಯಲಿಲ್ಲ.

ಆನ್‌ಲೈನ್‌ನಲ್ಲಿ ಹುಡುಕಿದರೆ ಇನ್ನೊಂದು ಥರದ ಸಲಹೆ. ಇಷ್ಟು ಸಾವಿರ ಮೈಲಿ ಆದಮೇಲೆ ಏನೂ ತೊಂದರೆ ಇಲ್ಲದಿದ್ದರೂ ರಾಡ್ ಬೇರಿಂಗ್ ಬದಲಿಸಿಬಿಡಿ ಅಂತ. ಇದು ಹೆಚ್ಚಾಗಿ ಬಿಎಂಡಬ್ಲ್ಯು ಎಂ3 ಇಟ್ಟುಕೊಂಡವರ ಮಾತು. 8000 ಆರ್‌ಪಿಎಂ ದಾಟಿ ತಿರುಗುವ ಪೆಟ್ರೋಲ್ ಇಂಜಿನ್ ಅದು, ಅವರ ಮಟ್ಟಿಗೆ ಆ ಲೆಕ್ಕ ಸರಿಯೇ. ನಮ್ಮ ಡೀಸೆಲ್ 75 ಪಿಎಸ್ ಪೂರ್ತಿ ಕೊಡೋದೇ 4000 ಆರ್‌ಪಿಎಂಗೆ. ಅವರ ಕಿಲೋಮೀಟರ್ ಲೆಕ್ಕ ತಂದು ಇದಕ್ಕೆ ಹಾಕಿದರೆ ಉಪಯೋಗವಿಲ್ಲ. ನಮ್ಮ ಇಂಜಿನ್ನಿಗೆ ಪೆಟ್ಟು ಬೀಳುವ ದಾರಿಯೇ ಬೇರೆ.

ಅದು ಹೇಗೆ ಅಂತ ಹೇಳಬೇಕಾದರೆ ಬೇರಿಂಗ್ ಬಗ್ಗೆ ಸ್ವಲ್ಪ ಹೇಳಬೇಕು. ಬೇರಿಂಗ್ ಅಂದ ತಕ್ಷಣ ಚಕ್ರದೊಳಗಿನ ಗುಂಡುಗಳ ಬೇರಿಂಗ್ ನೆನಪಾಗುತ್ತದೆ. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ದಂಡವೇ ಕ್ರ್ಯಾಂಕ್, ಅದರಲ್ಲಿ ಇರೋದು ಅಂಥದ್ದಲ್ಲ. ಅರ್ಧ ಬಳೆಯಂಥ ಎರಡು ತೆಳು ಶೆಲ್‌ಗಳು ಸೇರಿ ಒಂದು ಬೇರಿಂಗ್. ಬೆನ್ನು ಉಕ್ಕಿನದು. ಅದರ ಮೇಲೆ ತಾಮ್ರ ಅಥವಾ ಅಲ್ಯುಮಿನಿಯಂ ಮಿಶ್ರಲೋಹದ ಪದರ, ಹಲವು ಶೆಲ್‌ಗಳಲ್ಲಿ ಅದರ ಮೇಲೂ ಒಂದು ತೀರಾ ತೆಳುವಾದ ಮೆತ್ತನೆ ಲೇಪ. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬುಡದಲ್ಲಿ ನಾಲ್ಕು, ಇವು ಬಿಗ್ ಎಂಡ್, ರಾಡ್ ಬೇರಿಂಗ್ ಅನ್ನೋದೂ ಇವನ್ನೇ. ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿದಿಡುವವು ಐದು, ಇವು ಮೇನ್ ಬೇರಿಂಗ್. ಶೆಲ್ಲಿಗೂ ಕ್ರ್ಯಾಂಕಿಗೂ ನಡುವೆ ಒಂದು ಮಿಲಿಮೀಟರಿನ ನೂರನೇ ಭಾಗದಲ್ಲಿ ಮೂರೋ ಐದೋ ಭಾಗದಷ್ಟು ಸಂದು, ಅದರ ತುಂಬ ಆಯಿಲ್. ಇಂಜಿನ್ ತಿರುಗುವಾಗ ಕ್ರ್ಯಾಂಕ್ ಶೆಲ್ಲನ್ನು ಮುಟ್ಟುವುದೇ ಇಲ್ಲ. ಮಳೆಯಲ್ಲಿ ನೀರು ನಿಂತ ರಸ್ತೆಯಲ್ಲಿ ಜೋರಾಗಿ ಹೋದರೆ ಟೈರು ನೀರಿನ ಮೇಲೆ ತೇಲುತ್ತದಲ್ಲ, ಹಾಗೆ ಆಯಿಲ್ ಮೇಲೆ ತೇಲುತ್ತದೆ. ವೇಗ ಇದ್ದಷ್ಟೂ ಆ ಪದರ ದಪ್ಪ. ವೇಗ ಕಡಿಮೆಯಾಗಿ ಭಾರ ಜಾಸ್ತಿಯಾದರೆ ತೆಳುವಾಗುತ್ತದೆ.

ಘಾಟಿಯಲ್ಲಿ ನಾವು ಮಾಡೋದು ಅದನ್ನೇ. ಡೀಸೆಲ್ಲಿಗೆ ಎಳೆಯುವ ಶಕ್ತಿ ಇದೆ ಅಂತ ಮೂರನೇ ಗೇರಿನಲ್ಲಿ 1300, 1400 ಆರ್‌ಪಿಎಂನಲ್ಲೇ ಕಾಲು ಪೂರ್ತಿ ಒತ್ತಿ ಹತ್ತಿಸುವವರು ತುಂಬಾ ಜನ. ಈ ಇಂಜಿನ್ನಿಗೆ ಪೂರ್ತಿ 190 ನ್ಯೂಟನ್ ಮೀಟರ್ ಟಾರ್ಕ್ ಬರೋದು 2000 ಆರ್‌ಪಿಎಂಗೆ. ಅದಕ್ಕಿಂತ ಕೆಳಗೆ ಒದ್ದಾಡಿಸಿದರೆ ಸಿಲಿಂಡರಿನ ಪೆಟ್ಟೆಲ್ಲ ರಾಡಿನ ಮೂಲಕ ಬಿಗ್ ಎಂಡಿನ ಮೇಲಿನ ಶೆಲ್ಲಿಗೆ ಬೀಳುತ್ತದೆ. ಕ್ರ್ಯಾಂಕ್ ನಿಧಾನವಾಗಿ ತಿರುಗುತ್ತಿರುವುದರಿಂದ ಆಯಿಲ್ ಪದರವೂ ತೆಳು. ಎರಡೂ ಒಟ್ಟಿಗೆ ಬಂದಾಗ ಲೋಹಕ್ಕೆ ಲೋಹ ತಾಗುತ್ತದೆ.

ಸಂದು ಸ್ವಲ್ಪ ದೊಡ್ಡದಾದರೆ ಏನಾಗುತ್ತದೆ ಅನ್ನೋದು ಇನ್ನೂ ಮುಖ್ಯ. ಒಂದು ಸಂದಿನ ಮೂಲಕ ಸೋರುವ ಆಯಿಲ್ ಆ ಸಂದಿನ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. ಅಷ್ಟನ್ನು ಪಂಪ್ ತುಂಬಿಕೊಡಲಾರದು, ಪ್ರೆಶರ್ ಬೀಳುತ್ತದೆ. ಆಯಿಲ್ ಬಿಸಿಯಾಗಿ ತೆಳುವಾದಾಗ, ಪಂಪ್ ನಿಧಾನಕ್ಕೆ ತಿರುಗುವ ಐಡ್ಲಿಂಗ್‌ನಲ್ಲಿ, ಇದು ಮೊದಲು ಕಾಣುತ್ತದೆ. ಘಾಟಿ ಹತ್ತಿ ನಿಂತಾಗ ಲೈಟ್ ಮಿಣುಕಿದ್ದು ಇದಕ್ಕೇ ಇರಬಹುದು. ಆದರೆ ಪ್ರೆಶರ್ ಬೀಳೋದಕ್ಕೆ ಬೇರಿಂಗ್ ಒಂದೇ ಕಾರಣ ಅಲ್ಲ. ಸ್ವಿಚ್ ಕೆಟ್ಟಿರಬಹುದು. ಇಂಜೆಕ್ಟರ್ ಸೋರಿ ಆಯಿಲ್‌ಗೆ ಡೀಸೆಲ್ ಸೇರಿ ತೆಳುವಾಗಿರಬಹುದು. ಪಂಪ್ ಸವೆದಿರಬಹುದು. ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್ ಒಳಗಿನ ಜಾಲರಿ ಕಟ್ಟಿಕೊಂಡಿರಬಹುದು. ನಮ್ಮ ಮಲೆನಾಡಿನ ರಸ್ತೆಗಳಲ್ಲಿ ಕಲ್ಲು ತಾಗಿ ಆಯಿಲ್ ಚೇಂಬರ್ ಒಳಕ್ಕೆ ತಗ್ಗಿ ಹೀರುವ ಪೈಪಿನ ಬಾಯಿಗೆ ಅಡ್ಡ ಬಂದಿರಲೂಬಹುದು. ಇವನ್ನೆಲ್ಲ ನೋಡದೆ ಹಾಫ್ ಇಂಜಿನ್ ಬರೆದುಕೊಟ್ಟವರ ಹತ್ತಿರ ಕಾರು ಬಿಡಲು ನನಗೆ ಮನಸ್ಸಾಗಲಿಲ್ಲ.

ಕೊನೆಗೆ ಹೋಗಿದ್ದು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿರುವ ಒಂದು ಸಣ್ಣ ಗ್ಯಾರೇಜಿಗೆ. ಅಲ್ಲಿನ ಮೇಸ್ತ್ರಿಯನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ. ಅವರು ಮೊದಲು ಕೇಳಿದ್ದು ಕಿಲೋಮೀಟರ್ ಅಲ್ಲ. "ಸಾರ್, ಲೈಟ್ ಬಂದಾಗ ಶಬ್ದ ಏನಾದ್ರೂ ಬಂತಾ? ಆಯಿಲ್ ಯಾವುದು ಹಾಕಿದ್ದೀರಿ? ಮಟ್ಟ ಏನಾದ್ರೂ ತಾನಾಗೇ ಏರಿದೆಯಾ?" ಈ ಮೂರು ಪ್ರಶ್ನೆ ಕೇಳಿದ ಮೇಲೆಯೇ ನನಗೆ ಇವರ ಮೇಲೆ ನಂಬಿಕೆ ಬಂದದ್ದು.

ಮೊದಲ ಕೆಲಸ ಗೇಜ್. ಪ್ರೆಶರ್ ಸ್ವಿಚ್ ಬಿಚ್ಚಿ, ಅದೇ ತೂತಿಗೆ ಮುಳ್ಳಿನ ಗೇಜ್ ಜೋಡಿಸಿದರು. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ 3 ಬಾರ್ ಮೇಲೆ. ಇದನ್ನು ನೋಡಿ ಖುಷಿ ಪಡಬೇಕಾಗಿಲ್ಲ, ತಣ್ಣನೆಯ ಆಯಿಲ್ ದಪ್ಪ ಇರುವುದರಿಂದ ಸವೆದ ಇಂಜಿನ್ ಕೂಡ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಹೊರಗೆ ಚೆನ್ನಾಗಿ ಓಡಿಸಿ, ಫ್ಯಾನ್ ಹತ್ತುವಷ್ಟು ಬಿಸಿ ಮಾಡಿ ಬಂದು ನೋಡಿದಾಗ ಐಡ್ಲಿಂಗ್‌ನಲ್ಲಿ 0.6 ಬಾರ್, 2000 ಆರ್‌ಪಿಎಂನಲ್ಲಿ 2 ಬಾರ್. ಹಳೆಯ ಮೇಸ್ತ್ರಿಗಳ ಲೆಕ್ಕದಲ್ಲಿ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇರಬೇಕು, ಅಂದರೆ ಸುಮಾರು 0.7 ಬಾರ್. ಆ ಲೆಕ್ಕದಲ್ಲಿ 2000ಕ್ಕೆ ಪರವಾಗಿಲ್ಲ, ಐಡ್ಲಿಂಗ್‌ನಲ್ಲಿ ಅಂಚಿನಲ್ಲಿದೆ. ಸ್ವಿಚ್ ಸುಳ್ಳು ಹೇಳುತ್ತಿಲ್ಲ ಅನ್ನೋದು ಖಚಿತವಾಯಿತು.

ಆಮೇಲೆ ಶಬ್ದ. ಡೀಸೆಲ್ ಇಂಜಿನ್ನಿನ ಗಡಗಡದಲ್ಲಿ ಬೇರಿಂಗ್ ಶಬ್ದ ಬೇರೆ ಮಾಡೋದು ಸುಲಭ ಅಲ್ಲ. ಅದರಲ್ಲೂ ಈ ಇಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇದೆ, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಆಯಿಲ್ ಪ್ರೆಶರಿನಿಂದಲೇ ಕೆಲಸ ಮಾಡುತ್ತದೆ. ಪ್ರೆಶರ್ ಕಡಿಮೆಯಾದರೆ ಚೈನೂ ಸದ್ದು ಮಾಡುತ್ತದೆ, ಜನ ಅದನ್ನೇ ಬೇರಿಂಗ್ ಅಂದುಕೊಳ್ಳುತ್ತಾರೆ. ಭಾಯ್ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ಬ್ಲಾಕಿನ ಮೇಲೆ ಅಲ್ಲಲ್ಲಿ ಇಟ್ಟು ಕೇಳಿದರು. ಸ್ಕ್ಯಾನರ್ ಹಾಕಿ ಒಂದೊಂದೇ ಸಿಲಿಂಡರ್ ಕಟ್ ಮಾಡಿ ನೋಡಿದರು. ಬಿಗ್ ಎಂಡ್ ಹೋಗಿದ್ದರೆ ಆ ಸಿಲಿಂಡರ್ ಕಟ್ ಆದ ಕೂಡಲೇ ಬಡಿತ ಇಳಿಯುತ್ತದೆ, ಯಾಕೆಂದರೆ ಉರಿಯ ಹೊಡೆತ ಆ ರಾಡಿನ ಮೇಲೆ ಬೀಳೋದು ನಿಲ್ಲುತ್ತದೆ. ನಮ್ಮದರಲ್ಲಿ ಹಾಗೆ ಸ್ಪಷ್ಟವಾದ ಬದಲಾವಣೆ ಸಿಗಲಿಲ್ಲ. "ಬಡಿತ ಶುರುವಾಗಿಲ್ಲ ಸಾರ್. ಬಡಿಯೋಕೆ ಶುರುವಾದ್ರೆ ಕ್ರ್ಯಾಂಕೂ ಹೋಯ್ತು ಅಂತ ಲೆಕ್ಕ. ಈಗ ನೋಡಿದ್ರೆ ಉಳ್ಕೊಳುತ್ತೆ" ಅಂದರು.

ಅವರು ಹೇಳಿದ್ದು ನಿಜ. ಶೆಲ್ ಸವೆಯುವವರೆಗೆ ಹೋಗೋದು ಶೆಲ್ ಮಾತ್ರ. ಮೆತ್ತಗಿರೋದೇ ಅದಕ್ಕೆ, ಕ್ರ್ಯಾಂಕಿಗೆ ಪೆಟ್ಟಾಗದ ಹಾಗೆ ತಾನು ಸವೆಯಲಿ ಅಂತ. ಸಂದು ದೊಡ್ಡದಾಗಿ ಬಡಿಯಲು ಶುರುವಾದರೆ ಕ್ರ್ಯಾಂಕಿನ ಮೇಲೆ ಗೀರು ಬಿದ್ದು ಗ್ರೈಂಡಿಂಗ್ ಮಾಡಿಸಿ, ಸಣ್ಣಗಾದ ಕ್ರ್ಯಾಂಕಿಗೆ ಹೊಂದುವ ಅಂಡರ್‌ಸೈಜ್ ಶೆಲ್ ಹುಡುಕಬೇಕು. ಅದನ್ನೂ ದಾಟಿದರೆ ಶೆಲ್ ತನ್ನ ಜಾಗದಲ್ಲೇ ತಿರುಗಿಬಿಡುತ್ತದೆ, ಆಯಿಲ್ ಬರುವ ತೂತು ಮುಚ್ಚುತ್ತದೆ, ಆಮೇಲೆ ಇಂಜಿನ್ ಹಿಡಿದುಕೊಳ್ಳುತ್ತದೆ ಇಲ್ಲವೇ ರಾಡ್ ಬ್ಲಾಕನ್ನೇ ಒಡೆದು ಹೊರಗೆ ಬರುತ್ತದೆ. ಮೊದಲನೆಯ ಹಂತಕ್ಕೂ ಕೊನೆಯ ಹಂತಕ್ಕೂ ಖರ್ಚಿನಲ್ಲಿ ಎಷ್ಟೋ ಪಟ್ಟು ವ್ಯತ್ಯಾಸ.

ಮೂರನೆಯದು ಆಯಿಲ್. ಬಿಸಿ ಇದ್ದಾಗಲೇ ಇಳಿಸಿದೆವು. ಮೊದಲ ಧಾರೆ ಬಿಟ್ಟು ನಡುವಿನ ಧಾರೆಯಲ್ಲಿ ಒಂದು ಶುದ್ಧ ಬಾಟಲಿ ತುಂಬಿಸಿಕೊಂಡೆ. ಉಳಿದದ್ದನ್ನು ಬಿಳಿ ಬಟ್ಟೆಯ ಮೇಲೆ ಸೋಸಿದೆವು. ಡೀಸೆಲ್ ಆಯಿಲ್ ಮಸಿಯಂತೆ ಕಪ್ಪು, ಬರಿಗಣ್ಣಿಗೆ ಅದರಲ್ಲಿ ಏನೂ ಕಾಣಲ್ಲ. ಫಿಲ್ಟರಿನ ಕಾಗದ ಬಿಡಿಸಿ ಬಿಸಿಲಿಗೆ ಹಿಡಿದಾಗ ಅಲ್ಲಲ್ಲಿ ಸಣ್ಣ ಹೊಳಪು ಕಂಡಿತು. ಅದರ ಮೇಲೆ ಅಯಸ್ಕಾಂತ ಆಡಿಸಿದರೆ ಏನೂ ಅಂಟಲಿಲ್ಲ. ಕಬ್ಬಿಣದ ಚೂರಾಗಿದ್ದರೆ ಅಂಟಬೇಕಿತ್ತು. ಅಂಟದ ಹೊಳಪು ಅಂದರೆ ತಾಮ್ರ, ತವರ, ಅಲ್ಯುಮಿನಿಯಂ ಇಂಥದ್ದು. ಬೇರಿಂಗಿನ ಕಡೆ ಬೆರಳು ತೋರಿಸಿದ ಮೊದಲ ಗುರುತು ಇದು.

ಬಾಟಲಿಯನ್ನು ಬೆಂಗಳೂರಿನ ಒಂದು ಲ್ಯಾಬಿಗೆ ಕಳಿಸಿದೆ. ದೊಡ್ಡ ಜನರೇಟರ್, ಜೆಸಿಬಿ ಇಟ್ಟುಕೊಂಡವರು ಆಯಿಲ್ ಪರೀಕ್ಷೆ ಮಾಡಿಸುತ್ತಲೇ ಇರುತ್ತಾರೆ. ಕಾರಿನವರಿಗೆ ಇದು ಗೊತ್ತಿರೋದು ಕಡಿಮೆ. ಆಯಿಲ್‌ನಲ್ಲಿ ಯಾವ ಲೋಹ ಹತ್ತು ಲಕ್ಷಕ್ಕೆ ಎಷ್ಟು ಭಾಗ ಇದೆ ಅಂತ ವರದಿ ಬರುತ್ತದೆ. ಸಿಲಿಕಾನ್ ಜಾಸ್ತಿ ಇದ್ದರೆ ಏರ್ ಫಿಲ್ಟರ್ ದಾಟಿ ಧೂಳು ಹೋಗುತ್ತಿದೆ ಅಂತ ಅನುಮಾನ. ಸೋಡಿಯಂ, ಪೊಟ್ಯಾಸಿಯಂ ಇದ್ದರೆ ಕೂಲಂಟ್ ಸೇರಿರಬಹುದು. ತಾಮ್ರ, ತವರ, ಸೀಸ ಬೇರಿಂಗಿನ ಗುರುತು. ಸೀಸದ ಬಗ್ಗೆ ಮಾತ್ರ ಒಂದು ಎಚ್ಚರ. ವಾಹನಗಳಲ್ಲಿ ಸೀಸ ಕಡಿಮೆ ಮಾಡಬೇಕು ಅಂತ ಯುರೋಪಿನಲ್ಲಿ 2000ರಲ್ಲಿ ನಿಯಮ ಬಂದಮೇಲೆ ಶೆಲ್ ತಯಾರಿಸುವವರು ನಿಧಾನವಾಗಿ ಸೀಸ ಬಿಟ್ಟರು. ಹಾಗಾಗಿ ಈಚಿನ ಕಾರಿನ ವರದಿಯಲ್ಲಿ ಸೀಸ ಇಲ್ಲ ಅಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಅಂತ ಹೇಳಲು ಆಗಲ್ಲ. ನಮ್ಮ ವರದಿಯಲ್ಲಿ ಕಬ್ಬಿಣ ಸಹಜವಾಗಿತ್ತು, ಧೂಳು ಇಲ್ಲ, ಕೂಲಂಟ್ ಇಲ್ಲ, ಡೀಸೆಲ್ ಸೇರಿಲ್ಲ. ತಾಮ್ರ ಮತ್ತು ತವರ ಎರಡೂ ಮೇಲೆ ಇದ್ದವು. ಒಂದೇ ವರದಿಯಿಂದ ತೀರ್ಮಾನ ಮಾಡಬೇಡಿ, ಮುಂದಿನ ಆಯಿಲ್ ಚೇಂಜಿಗೂ ಕಳಿಸಿ ಹೋಲಿಸಿ ನೋಡಿ ಅಂತ ಲ್ಯಾಬಿನವರೇ ಹೇಳಿದರು. ಒಳ್ಳೆಯ ಸಲಹೆ. ಆದರೆ ನಮಗೆ ಲೈಟೂ ಮಿಣುಕಿತ್ತು, ಗೇಜೂ ಕೆಳಗಿತ್ತು. ಮೂರೂ ಒಂದೇ ಮಾತು ಹೇಳುವಾಗ ಇನ್ನೊಂದು ಆಯಿಲ್ ಚೇಂಜ್ ತನಕ ಕಾಯೋದು ಸರಿ ಕಾಣಲಿಲ್ಲ.

ಈಗ ಏನು ಮಾಡೋದು ಅಂತ ಭಾಯ್ ಜೊತೆ ಕೂತು ಲೆಕ್ಕ ಹಾಕಿದೆವು. ದಪ್ಪ ಆಯಿಲ್ ಹಾಕಿ ಓಡಿಸೋದು ಒಂದು ದಾರಿ. 30ರ ಗ್ರೇಡಿಗಿಂತ 40ರ ಗ್ರೇಡ್ ಬಿಸಿಯಲ್ಲಿ ದಪ್ಪ, ಗೇಜಿನ ಮುಳ್ಳು ಸ್ವಲ್ಪ ಏರುತ್ತದೆ. ಸವೆದ ಇಂಜಿನ್ನಿಗೆ 40 ಹಾಕೋದರಲ್ಲಿ ನನಗೆ ತಕರಾರಿಲ್ಲ. ಆದರೆ 20ಡಬ್ಲ್ಯು-50 ಹಾಕಿದರೆ ಬೆಳಗಿನ ಚಳಿಯಲ್ಲಿ ಆಯಿಲ್ ಟರ್ಬೊಗೂ ಮೇಲಿನ ಕ್ಯಾಮ್‌ಗಳಿಗೂ ಮುಟ್ಟೋದು ತಡ. ಅದಕ್ಕಿಂತ ಮುಖ್ಯವಾಗಿ ಲೈಟ್ ಹೋಗುತ್ತದೆ, ಕಾಯಿಲೆ ಹಾಗೇ ಇರುತ್ತದೆ, ಮುಂದಿನ ಎಚ್ಚರಿಕೆ ಸಿಗೋದು ಬಡಿತ ಬಂದಮೇಲೆಯೇ.

ಸೆಕೆಂಡ್ ಹ್ಯಾಂಡ್ ಇಂಜಿನ್ ಇನ್ನೊಂದು ದಾರಿ. ಆಕ್ಸಿಡೆಂಟ್ ಆದ ಗಾಡಿಯಿಂದ ತೆಗೆದ ಇಂಜಿನ್ 45ರಿಂದ 50 ಸಾವಿರಕ್ಕೆ ಸಿಗುತ್ತದೆ ಅಂದರು. ಆದರೆ ಅದು ಎಷ್ಟು ಓಡಿದೆ, ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿದ್ದಾರಾ, ಯಾರಿಗೂ ಗೊತ್ತಿಲ್ಲ. ಜೊತೆಗೆ ಇಂಜಿನ್ ನಂಬರ್ ಬದಲಾಗುವುದರಿಂದ ಆರ್‌ಸಿ ಕೆಲಸ ಬೇರೆ. ನಮ್ಮ ಇಂಜಿನ್ನಿನ ಹದಿಮೂರು ವರ್ಷದ ಆಯಿಲ್ ಬಿಲ್ ಅಪ್ಪ ಒಂದು ಫೈಲಿನಲ್ಲಿ ಜೋಡಿಸಿ ಇಟ್ಟಿದ್ದಾರೆ. ಗೊತ್ತಿರುವ ಹಳೆಯದನ್ನು ಬಿಟ್ಟು ಗೊತ್ತಿಲ್ಲದ ಹಳೆಯದನ್ನು ತರೋದು ಬೇಡ ಅನಿಸಿತು.

ಹಾಫ್ ಇಂಜಿನ್ ಕೆಲಸ ಯಾಕೆ ಬೇಡ ಅಂದರೆ, ರಿಂಗ್, ಪಿಸ್ಟನ್ ಚೆನ್ನಾಗಿದ್ದವು. ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ನೋಡಿದಾಗ ಪಿಸ್ಟನ್ ದಾಟಿ ಬರುವ ಬ್ಯಾಕ್ ಕಂಪ್ರೆಷನ್ ಹೊಗೆ ಇರಲಿಲ್ಲ. ಆಯಿಲ್ ಉರಿಯುತ್ತಿರಲಿಲ್ಲ. ಸ್ಟಾರ್ಟಿಂಗ್ ಒಳ್ಳೆಯದಿತ್ತು.

ಉಳಿದದ್ದು, ಕೆಳಗಿನಿಂದ ಚೇಂಬರ್ ಇಳಿಸಿ ನೋಡೋದು. ಬಿಗ್ ಎಂಡ್ ಶೆಲ್‌ಗಳನ್ನು ಇಂಜಿನ್ ಇಳಿಸದೆ ಹೀಗೇ ಬದಲಿಸಬಹುದು. ಮೇನ್ ಬೇರಿಂಗ್ ಆಗಲ್ಲ. ಈ ಇಂಜಿನ್ನಿನಲ್ಲಿ ಮೇನ್ ಬೇರಿಂಗಿಗೆ ಒಂದೊಂದೇ ಕ್ಯಾಪ್ ಇಲ್ಲ, ಬ್ಲಾಕಿನ ಕೆಳಭಾಗವೇ ಒಂದು ದೊಡ್ಡ ತುಂಡಾಗಿ ಐದನ್ನೂ ಒಟ್ಟಿಗೆ ಹಿಡಿದಿರುತ್ತದೆ. ಅದನ್ನು ಬಿಚ್ಚಬೇಕಾದರೆ ಇಂಜಿನ್ ಹೊರಗೆ ಬರಬೇಕು. ನನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಇದೇ. ಅರ್ಧ ಮಾಡಿಸಿ ಅರ್ಧ ಬಿಟ್ಟರೆ ಆಗುತ್ತದಾ?

ಭಾಯ್ ಉತ್ತರ ನೇರವಾಗಿತ್ತು. "ಡೀಸೆಲ್‌ನಲ್ಲಿ ಮೊದಲು ಹೋಗೋದು ಬಿಗ್ ಎಂಡ್ ಸಾರ್. ಮೊದಲು ಬಿಚ್ಚಿ ನೋಡೋಣ. ಶೆಲ್ ನೋಡಿದ್ರೆ ಗೊತ್ತಾಗುತ್ತೆ. ಗೀರು, ಮಣ್ಣು, ಚೂರು ಹೊಕ್ಕಿದ್ದು ಕಂಡ್ರೆ ಮೇನೂ ಹೋಗಿರುತ್ತೆ, ಇಂಜಿನ್ ಇಳಿಸೋಣ. ಬರೀ ಮೇಲಿನ ಶೆಲ್ ಉಜ್ಜಿದ್ರೆ ಅದೇ ಬೇರೆ." ಬಿಚ್ಚಿದ ಮೇಲೆ ಏನೇ ಕಂಡರೂ ಆ ಹೊತ್ತಿಗೆ ಹೊಸ ಶೆಲ್ ಕೈಯಲ್ಲಿರಬೇಕು ಅಂತ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸ್ಟ್ಯಾಂಡರ್ಡ್ ಸೈಜಿನ ಒಂದು ಸೆಟ್, ಹೊಸ ರಾಡ್ ಬೋಲ್ಟುಗಳು, ಸಂದು ಅಳೆಯುವ ಪ್ಲಾಸ್ಟಿಗೇಜ್ ತರಿಸಿಕೊಂಡೆ. ಒಳ್ಳೆಯ ಕಂಪನಿಯ ಶೆಲ್ಲಿಗೂ ಅಗ್ಗದ್ದಕ್ಕೂ ಇಡೀ ಖರ್ಚಿನಲ್ಲಿ ವ್ಯತ್ಯಾಸ ತುಂಬಾ ಸಣ್ಣದು. ಅಲ್ಲಿ ಉಳಿಸಲು ಹೋಗಬೇಡಿ.

ಚೇಂಬರ್ ಬಿಚ್ಚೋದೇ ದೊಡ್ಡ ಕೆಲಸವಾಯಿತು. ಬೋಲ್ಟೆಲ್ಲ ತೆಗೆದರೂ ಸೋರದ ಹಾಗೆ ಹಚ್ಚಿದ ಪೇಸ್ಟ್ ಹಿಡಿದುಕೊಂಡಿರುತ್ತದೆ. ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಿದರೆ ಅಂಚು ಬಗ್ಗಿ ಜೀವನವಿಡೀ ಆಯಿಲ್ ಸೋರುತ್ತದೆ. ಭಾಯ್ ತೆಳುವಾದ ಬ್ಲೇಡಿನಿಂದ ಸುತ್ತಲೂ ಪೇಸ್ಟ್ ಕೊಯ್ದು, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಇಳಿಸಿದರು. ತಳದಲ್ಲಿ ಒಂದು ಹಳೆಯ ಕಲ್ಲಿನ ಪೆಟ್ಟಿನ ಗುರುತು ಇತ್ತು, ಆದರೆ ಹೀರುವ ಪೈಪಿನ ಬಾಯಿಗೂ ತಳಕ್ಕೂ ಸಾಕಷ್ಟು ಜಾಗ ಉಳಿದಿತ್ತು. ಜಾಲರಿಯಲ್ಲಿ ಸ್ವಲ್ಪ ಕರಿ, ಹಳೆಯ ಪೇಸ್ಟಿನ ಒಂದೆರಡು ಚೂರು. ಕಟ್ಟಿಕೊಂಡಿರಲಿಲ್ಲ.

ಮೊದಲು ಬಿಚ್ಚಿದ್ದು ಮೂರನೇ ಸಿಲಿಂಡರಿನ ರಾಡ್. ಕ್ಯಾಪ್ ಕಡೆಯ ಕೆಳಗಿನ ಶೆಲ್ ಬೂದು ಬಣ್ಣದಲ್ಲಿ ಒಂದೇ ಸಮ ಇತ್ತು. ರಾಡ್ ಕಡೆಯ ಮೇಲಿನ ಶೆಲ್ ಹೊರಗೆ ಬಂದಾಗ ಇಬ್ಬರೂ ಟಾರ್ಚ್ ಹಿಡಿದು ನೋಡಿದೆವು. ನಡುಭಾಗದಲ್ಲಿ ಹೆಬ್ಬೆರಳಿನ ಅಗಲಕ್ಕೆ ಬೂದು ಬಣ್ಣ ಹೋಗಿ ಕೆಳಗಿನ ತಾಮ್ರದ ಬಣ್ಣ ಹೊಳೆಯುತ್ತಿತ್ತು. ಗೀರು ಇಲ್ಲ. ಚೂರು ಹೊಕ್ಕ ಗುರುತಿಲ್ಲ. ಸುಟ್ಟು ಕಪ್ಪಾಗಿಲ್ಲ. ಲೇಪ ಮಾತ್ರ ಸವೆದು ಹೋಗಿತ್ತು. ಎರಡನೆಯದೂ ಹೆಚ್ಚುಕಡಿಮೆ ಹಾಗೆಯೇ. ಒಂದು ಮತ್ತು ನಾಲ್ಕರಲ್ಲಿ ತಾಮ್ರ ಈಗಷ್ಟೇ ಇಣುಕುತ್ತಿತ್ತು. ಅಂದರೆ ಲ್ಯಾಬಿನ ವರದಿ, ಅಯಸ್ಕಾಂತ, ಗೇಜ್ ಮೂರೂ ಹೇಳಿದ್ದು ಸರಿ. ಘಾಟಿಯಲ್ಲಿ ಪೆಟ್ಟು ಬೀಳುವ ಮೇಲಿನ ಶೆಲ್‌ಗಳೇ ಸವೆದಿವೆ, ಕೊಳಕಿನಿಂದಾದ ಹಾನಿ ಅಲ್ಲ. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ತುಂಬಾ ಸಮಾಧಾನವಾಯಿತು.

ಇನ್ನು ಕ್ರ್ಯಾಂಕ್. ಉಗುರು ಎಳೆದು ನೋಡಿದರೆ ಎಲ್ಲೂ ತಡೆಯಲಿಲ್ಲ. ಪಕ್ಕದ ಲೇತ್ ಅಂಗಡಿಯವರು ಮೈಕ್ರೋಮೀಟರ್ ತಂದು ರಾಡ್ ಕೂರುವ ನಾಲ್ಕು ಜಾಗವನ್ನೂ ಅಡ್ಡ, ಉದ್ದ ಎರಡು ಕಡೆಯಿಂದ ಅಳೆದರು. ದುಂಡಗಿರುವುದು ಮೊಟ್ಟೆಯಾಕಾರ ಆಗಿದೆಯಾ ಅಂತ ನೋಡೋದಕ್ಕೆ ಇದು. ಎಲ್ಲಾ ಸ್ಟ್ಯಾಂಡರ್ಡ್ ಅಳತೆಯೊಳಗೇ ಇದ್ದವು. ಮೊಟ್ಟೆಯಾಕಾರವಾದ ಕ್ರ್ಯಾಂಕಿಗೆ ಹೊಸ ಶೆಲ್ ಹಾಕಿದರೆ ಅದು ಬೇಗ ಹೋಗುತ್ತದೆ. ಈ ಅಳತೆ ತಪ್ಪಿಸುವ ಗ್ಯಾರೇಜಿನಲ್ಲಿ ಶೆಲ್ ಹಾಕಿಸೋದು ದುಡ್ಡು ದಂಡ.

ಮೇನ್ ಬಿಡೋಣ ಅಂತ ಅಲ್ಲೇ ನಿರ್ಧಾರವಾಯಿತು. ಕ್ರ್ಯಾಂಕನ್ನು ಹಿಂದೆ ಮುಂದೆ ಮೀಟಿ ನೋಡಿದಾಗ ಎಂಡ್ ಪ್ಲೇ (ಅದು ಉದ್ದಕ್ಕೆ ಅಲುಗುವ ಅಂತರ) ಸರಿ ಇತ್ತು, ಬಿಗ್ ಎಂಡಿನಲ್ಲಿ ಚೂರಿನ ಗುರುತು ಇರಲಿಲ್ಲ. ಪಂಪ್ ಇರೋದು ಮುಂದಿನ ಕವರ್ ಕಡೆ, ಅದಕ್ಕೆ ಚೈನ್ ಕಡೆಯನ್ನೆಲ್ಲ ಬಿಚ್ಚಬೇಕು. ಅದನ್ನೂ ಮುಟ್ಟಲಿಲ್ಲ.

ಜೋಡಿಸುವಾಗ ಗಮನ ಕೊಡಬೇಕಾದ ವಿಷಯ ಒಂದಿದೆ. ಈ ಇಂಜಿನ್ನಿನ ರಾಡನ್ನು ಒಂದೇ ತುಂಡಾಗಿ ತಯಾರಿಸಿ ಆಮೇಲೆ ಮುರಿದು ಕ್ಯಾಪ್ ಬೇರೆ ಮಾಡಿರುತ್ತಾರೆ. ಮುರಿದ ಒರಟು ಅಂಚು ಅದರ ಜೋಡಿಗೆ ಮಾತ್ರ, ಅದೇ ದಿಕ್ಕಿನಲ್ಲಿ ಮಾತ್ರ ಕೂರುತ್ತದೆ. ಅದಕ್ಕೇ ಒಂದು ರಾಡ್ ಮುಗಿಸಿಯೇ ಇನ್ನೊಂದನ್ನು ಬಿಚ್ಚಿದರು. ನಾಲ್ಕೂ ಕ್ಯಾಪ್ ಬಿಚ್ಚಿ ಒಂದೇ ತಟ್ಟೆಯಲ್ಲಿ ಹಾಕುವ ಮೇಸ್ತ್ರಿ ಕಂಡರೆ ಕೆಲಸ ಅಲ್ಲೇ ನಿಲ್ಲಿಸಿ. ಶೆಲ್ಲಿನ ಬೆನ್ನಿಗೆ ಆಯಿಲ್ ಹಚ್ಚಬಾರದು, ಅದು ಒಣಗಿಯೇ ಕೂರಬೇಕು, ಒಳಮೈಗೆ ಮಾತ್ರ ಆಯಿಲ್. ಮೊದಲು ಪ್ಲಾಸ್ಟಿಗೇಜಿನ ಮೇಣದ ಎಳೆಯನ್ನು ಕ್ರ್ಯಾಂಕಿನ ಮೇಲಿಟ್ಟು, ಹಳೆಯ ಬೋಲ್ಟುಗಳಿಂದಲೇ ಬಿಗಿದು ಬಿಚ್ಚಿ, ಎಳೆ ಎಷ್ಟು ಅಗಲಕ್ಕೆ ಚಪ್ಪಟೆಯಾಗಿದೆ ಅಂತ ಪಟ್ಟಿಯ ಜೊತೆ ಹೋಲಿಸಿದೆವು. 0.04 ಮಿ.ಮೀ. ಆಸುಪಾಸು ಬಂತು. ಆಮೇಲೆ ಮೇಣ ಒರೆಸಿ ಹೊಸ ಬೋಲ್ಟ್. ಈ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಬಿಗಿದು ಮೇಲೆ ಇಷ್ಟು ಡಿಗ್ರಿ ಅಂತ ತಿರುಗಿಸಬೇಕು, ಅಷ್ಟಕ್ಕೆ ಅವು ಎಳೆದುಕೊಳ್ಳುತ್ತವೆ. ಹಳೆಯದನ್ನೇ ಮತ್ತೆ ಹಾಕೋದು ಅಪಾಯ. ಪ್ರತಿ ರಾಡ್ ಆದಮೇಲೂ ಕ್ರ್ಯಾಂಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲಾದರೂ ಬಿಗಿ ಇದೆಯಾ ಅಂತ ನೋಡಿದರು.

ಚೇಂಬರಿಗೆ ಪೇಸ್ಟ್ ತೆಳುವಾಗಿ ಹಚ್ಚಿ, ರಾತ್ರಿಯಿಡೀ ಒಣಗಲು ಬಿಟ್ಟು, ಮರುದಿನ ಹೊಸ ಫಿಲ್ಟರ್, 5ಡಬ್ಲ್ಯು-40 ಆಯಿಲ್ ತುಂಬಿದೆವು. ಒಮ್ಮೆಲೇ ಸ್ಟಾರ್ಟ್ ಮಾಡಲಿಲ್ಲ. ಇಂಜೆಕ್ಟರ್ ಕನೆಕ್ಟರ್ ಬಿಚ್ಚಿಟ್ಟು ಸ್ಟಾರ್ಟರಿನಲ್ಲಿ ಮಾತ್ರ ತಿರುಗಿಸಿ, ಗೇಜಿನ ಮುಳ್ಳು ಮೇಲೆದ್ದ ಮೇಲೆ ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿದರು. ಒಣ ಶೆಲ್ಲಿನ ಮೇಲೆ ಮೊದಲ ಹೊಡೆತ ಬೀಳಬಾರದು ಅಂತ.

ಎಲ್ಲಾ ಸೇರಿ ಖರ್ಚು 16 ಸಾವಿರ ಚಿಲ್ಲರೆ, ಲ್ಯಾಬಿನದ್ದು ಬೇರೆ. ಬಿಸಿಯಾದಮೇಲೆ ಐಡ್ಲಿಂಗ್‌ನಲ್ಲಿ 0.9 ಬಾರ್, 2000ದಲ್ಲಿ 2.6 ಬಾರ್. ಇದರಲ್ಲಿ ಸ್ವಲ್ಪ ಪಾಲು ಹೊಸ 40 ಗ್ರೇಡಿನದೂ ಇದೆ, ಎಲ್ಲವನ್ನೂ ಶೆಲ್ಲಿನ ಲೆಕ್ಕಕ್ಕೆ ಹಾಕಲಾರೆ. ಹೊಸ ಇಂಜಿನ್ನಿನ ಅಂಕಿ ಅಲ್ಲ ಇದು. ಮೇನ್ ಬೇರಿಂಗ್, ಪಂಪ್ ಎರಡೂ 2.8 ಲಕ್ಷ ಓಡಿದವೇ. ಆಮೇಲೆ ಆಗುಂಬೆ ಹತ್ತಿ ಬಂದಾಗ ಲೈಟ್ ಬರಲಿಲ್ಲ. ಈಗ ತಿರುವುಗಳಲ್ಲಿ ಎರಡನೇ ಗೇರಿಗೆ ಇಳಿಸಿ 2000ಕ್ಕಿಂತ ಕೆಳಗೆ ಹೋಗದ ಹಾಗೆ ಹತ್ತಿಸುತ್ತೇನೆ. ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ, ಪರವಾಗಿಲ್ಲ. ಆಯಿಲ್ ಚೇಂಜನ್ನು 10,000ದಿಂದ 7,000 ಕಿ.ಮೀ.ಗೆ ಇಳಿಸಿದ್ದೇನೆ. ಈ ಇಂಜಿನ್ ಹಿಡಿಯೋದೇ ಸುಮಾರು 3 ಲೀಟರ್, ಅಷ್ಟು ಕಡಿಮೆ ಆಯಿಲ್ ಬೇಗ ಕೆಡುತ್ತದೆ.

ಹಾಗಾದರೆ ಬೇರಿಂಗ್ ಹಾಕಿಸಬೇಕಾ ಅಂತ ಕೇಳುವವರಿಗೆ ನನ್ನ ಅಭಿಪ್ರಾಯ ಇದು. ಬಿಸಿ ಪ್ರೆಶರ್ ಚೆನ್ನಾಗಿದ್ದು, ಫಿಲ್ಟರಿನಲ್ಲಿ ಹೊಳಪಿಲ್ಲದೆ, ವರದಿಯಲ್ಲಿ ತಾಮ್ರ ಏರದಿದ್ದರೆ 3 ಲಕ್ಷ ಓಡಿದ್ದರೂ ಮುಟ್ಟಬೇಡಿ. ಚೆನ್ನಾಗಿ ಕೂತಿರುವ ಶೆಲ್ಲನ್ನು ಬಿಚ್ಚಿ ಹಾಕುವುದರಲ್ಲೂ ಅಪಾಯ ಇದೆ. ಬೇರೆ ಕೆಲಸಕ್ಕೆ ಚೇಂಬರ್ ಹೇಗೂ ಇಳಿದಿದ್ದರೆ ಮಾತ್ರ ಒಂದು ಕ್ಯಾಪ್ ಬಿಚ್ಚಿ ನೋಡಿ, ಆದರೆ ಹೊಸ ಬೋಲ್ಟ್ ಕೈಯಲ್ಲಿಟ್ಟುಕೊಂಡು.

ನಮ್ಮ ಕಾರಿನ ಮೇನ್ ಬೇರಿಂಗ್ ಲೆಕ್ಕ ಇನ್ನೂ ಬಾಕಿ ಇದೆ. ಕೆಲಸ ಆದಮೇಲಿನ ಮೊದಲ ಆಯಿಲ್ ಚೇಂಜಿನ ವರದಿಯಲ್ಲಿ ತಾಮ್ರ, ತವರ ಎರಡೂ ಅರ್ಧಕ್ಕಿಂತ ಕೆಳಗೆ ಬಂದಿವೆ. ಇನ್ನೊಂದು ವರದಿಯಲ್ಲೂ ಹಾಗೇ ಇದ್ದರೆ ಕ್ಲಚ್ ಕೆಲಸ ಬರುವ ತನಕ ಸುಮ್ನೆ ಓಡಿಸುತ್ತೇನೆ. ಬಿಸಿ ಐಡ್ಲಿಂಗ್ ಮತ್ತೆ 0.6ಕ್ಕೆ ಇಳಿದರೆ, ಕ್ಲಚ್ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸುವಾಗಲೇ ಇಂಜಿನ್ನನ್ನೂ ಇಳಿಸಿ ಮೇನ್ ಮತ್ತು ಪಂಪ್ ಎರಡನ್ನೂ ಒಟ್ಟಿಗೆ ಮಾಡಿಸೋದು ಅಂತ ಭಾಯ್ ಹತ್ತಿರ ಮಾತಾಗಿದೆ.